ವಾಷಿಂಗ್ಟನ್ ರೋಬ್ಲಿಂಗ್: ಕಿಟಕಿಯಲ್ಲಿ ಕೂತು ಸೇತುವೆ ಕಟ್ಟಿಸಿದ ಎಂಜಿನಿಯರ್

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆಲ್ಲ ಫ್ಯಾಕ್ಟರ್ ಆಫ್ ಸೇಫ್ಟಿ ಅಂದ್ರೆ ಏನು ಅಂತ ಗೊತ್ತು. ಎರಡು ಮಾರ್ಕ್ಸ್‌ಗೆ ಗ್ಯಾರಂಟಿ ಬರೋ ಪ್ರಶ್ನೆ. ಒಂದು ಕೇಬಲ್ ನೂರು ಟನ್ ಹೊರಬೇಕು ಅಂತಿಟ್ಕೊಳ್ಳಿ. ಆರುನೂರು ಟನ್‌ವರೆಗೂ ತುಂಡಾಗದ ಹಾಗೆ ಅದನ್ನ ಮಾಡಿದ್ರೆ ಅದರ ಫ್ಯಾಕ್ಟರ್ ಆರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕೇಬಲ್‌ಗಳಿಗೆ ಇಟ್ಟಿದ್ದ ಫ್ಯಾಕ್ಟರ್ ಸರಿಯಾಗಿ ಆರು. 1883ರಲ್ಲಿ ತೆರೆದ ಆ ಸೇತುವೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಹಿಂದಿ ಸಿನಿಮಾಗಳಲ್ಲೂ, ವಿದೇಶಕ್ಕೆ ಹೋದ ನೆಂಟರ ವಾಟ್ಸಾಪ್ ಡಿಪಿಯಲ್ಲೂ ನಾವೆಲ್ಲ ಅದನ್ನ ನೋಡಿರ್ತೀವಿ.

ಆದ್ರೆ ಆ ಸೇತುವೆ ಕಟ್ಟಿದ ಜನರ ಜೀವಕ್ಕೆ ಎಷ್ಟು ಫ್ಯಾಕ್ಟರ್ ಇಟ್ಟಿದ್ರು? ಈ ಪ್ರಶ್ನೆ ಯಾವ ಕ್ವೆಶ್ಚನ್ ಪೇಪರ್‌ನಲ್ಲೂ ಬರಲ್ಲ. ಅದರ ಉತ್ತರ ಹುಡುಕ್ತಾ ಹೋದ್ರೆ ನಮಗೆ ಸಿಗೋದು ವಾಷಿಂಗ್ಟನ್ ರೋಬ್ಲಿಂಗ್ ಅನ್ನೋ ಒಬ್ಬ ಎಂಜಿನಿಯರ್ ಜೀವನ. ಸೇತುವೆಯ ಮುಖ್ಯ ಎಂಜಿನಿಯರ್ ಆಗಿದ್ದ ಅವರ ಬದುಕನ್ನೂ ಅದೇ ಸೈಟ್ ಮುರಿದು ಹಾಕ್ತು.

ಅಪ್ಪನ ಕಾರ್ಖಾನೆ, ಮಗನ ಕಲಿಕೆ

ವಾಷಿಂಗ್ಟನ್ ಹುಟ್ಟಿದ್ದು 1837ರ ಮೇ 26ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಯಾಕ್ಸನ್‌ಬರ್ಗ್ ಅನ್ನೋ ಹಳ್ಳಿಯಲ್ಲಿ. ತಂದೆ ಜಾನ್ ರೋಬ್ಲಿಂಗ್ ಜರ್ಮನಿಯಿಂದ ವಲಸೆ ಬಂದ ಎಂಜಿನಿಯರ್. ಮೊದಲು ಬೇಸಾಯ ಮಾಡೋಕೆ ಹೋಗಿ, ಅದು ಕೈಹತ್ತದೆ, ತಂತಿಗಳನ್ನು ಹೆಣೆದು ಹಗ್ಗ ಮಾಡೋ ಉದ್ಯೋಗ ಶುರು ಮಾಡಿದರು. ಆಮೇಲೆ ಕಾರ್ಖಾನೆಯನ್ನು ನ್ಯೂಜೆರ್ಸಿಯ ಟ್ರೆಂಟನ್‌ಗೆ ಸಾಗಿಸಿದರು. ತಂತಿ ಹಗ್ಗದಿಂದ ತೂಗುಸೇತುವೆ ಕಟ್ಟೋದರಲ್ಲಿ ಆ ಕಾಲಕ್ಕೆ ಅಮೆರಿಕದಲ್ಲಿ ಅವರ ಹೆಸರೇ ಮೊದಲು. ಕೆಲಸದಲ್ಲಿ ಎಷ್ಟು ಬುದ್ಧಿವಂತರೋ ಮನೆಯಲ್ಲಿ ಅಷ್ಟೇ ಕಟುವಾದ ಮನುಷ್ಯ. ಡಾಕ್ಟರರನ್ನು ನಂಬುತ್ತಿರಲಿಲ್ಲ, ಎಲ್ಲ ಕಾಯಿಲೆಗೂ ತಣ್ಣೀರೇ ಮದ್ದು ಅಂತ ನಂಬಿದ್ದರು. ಈ ನಂಬಿಕೆ ಮುಂದೆ ಕಥೆಯಲ್ಲಿ ಬರುತ್ತೆ.

ಮಗ ವಾಷಿಂಗ್ಟನ್ ಟ್ರಾಯ್ ಊರಿನ ರೆನ್ಸೆಲಿಯರ್ ಪಾಲಿಟೆಕ್ನಿಕ್‌ನಲ್ಲಿ ಓದಿ 1857ರಲ್ಲಿ ಪದವಿ ತಗೊಂಡರು. ಅಪ್ಪನ ಜೊತೆ ಪಿಟ್ಸ್‌ಬರ್ಗ್‌ನ ಸೇತುವೆಯಲ್ಲಿ ಕೆಲಸ ಕಲಿತರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಸಾಮಾನ್ಯ ಸಿಪಾಯಿಯಾಗಿ ಸೇರಿ, ಸೈನ್ಯಕ್ಕೋಸ್ಕರ ತೂಗುಸೇತುವೆಗಳನ್ನು ಕಟ್ಟಿ, ಕರ್ನಲ್ ಅನ್ನೋ ಗೌರವದೊಂದಿಗೆ ಹೊರಬಂದರು. ಗೆಟ್ಟಿಸ್‌ಬರ್ಗ್ ಕದನದಲ್ಲೂ ಇದ್ದರು. ಅಲ್ಲಿ ಅವರ ಮೇಲಧಿಕಾರಿ ಜನರಲ್ ವಾರೆನ್. ಆ ಜನರಲ್ ಅವರ ತಂಗಿ ಎಮಿಲಿ ವಾರೆನ್ ಜೊತೆ 1865ರಲ್ಲಿ ವಾಷಿಂಗ್ಟನ್ ಮದುವೆ ಆಯ್ತು. ಎರಡು ವರ್ಷ ಬಿಟ್ಟು ಗಂಡ ಹೆಂಡತಿ ಇಬ್ಬರೂ ಯುರೋಪ್‌ಗೆ ಹೋದರು. ಹನಿಮೂನ್ ಅಂತ ಅಂದುಕೋಬೇಡಿ. ನೀರಿನ ಕೆಳಗೆ ಫೌಂಡೇಶನ್ ಹಾಕೋ ಹೊಸ ವಿಧಾನವನ್ನು ಅಲ್ಲಿನ ಎಂಜಿನಿಯರುಗಳಿಂದ ಕಲಿತು ಬಾ ಅಂತ ಅಪ್ಪ ಕಳಿಸಿದ್ದು.

ಯಾಕಂದ್ರೆ ಅಪ್ಪನ ತಲೆಯಲ್ಲಿ ಆಗಲೇ ಒಂದು ದೊಡ್ಡ ಯೋಜನೆ ಇತ್ತು. ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ಆಗ ಬೇರೆ ಬೇರೆ ನಗರಗಳು. ನಡುವೆ ಈಸ್ಟ್ ರಿವರ್. ದಾಟೋಕೆ ದೋಣಿ ಬಿಟ್ಟರೆ ಗತಿಯಿಲ್ಲ, ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿದರೆ ಅದೂ ಇಲ್ಲ. ಅಲ್ಲಿ ಎರಡು ಕಲ್ಲಿನ ಗೋಪುರಗಳ ನಡುವೆ 1595 ಅಡಿ ಉದ್ದದ ತೂಗುಸೇತುವೆ ಕಟ್ಟೋದು ಜಾನ್ ರೋಬ್ಲಿಂಗ್ ಕನಸು. ಅಷ್ಟು ಉದ್ದದ ತೂಗುಸೇತುವೆ ಅಲ್ಲಿಯವರೆಗೆ ಜಗತ್ತಿನಲ್ಲೇ ಇರಲಿಲ್ಲ.

ಮೊದಲ ಅಪಘಾತ, ಕೆಲಸ ಶುರುವಾಗೋ ಮುಂಚೆಯೇ

1869ರ ಜೂನ್ ಕೊನೆಯಲ್ಲಿ ಜಾನ್ ರೋಬ್ಲಿಂಗ್ ಬ್ರೂಕ್ಲಿನ್ ದಡದಲ್ಲಿ ನಿಂತು ಗೋಪುರದ ಜಾಗ ಗುರುತಿಸುತ್ತಿದ್ದರು. ಸರ್ವೇ ಕೆಲಸ ಮಾಡಿದವರಿಗೆ ಗೊತ್ತು, ದೂರದ ಪಾಯಿಂಟ್ ಮೇಲೆ ಕಣ್ಣಿಟ್ಟಾಗ ಕಾಲ ಕೆಳಗೆ ಏನಿದೆ ಅಂತ ನೆನಪಿರಲ್ಲ. ದಡಕ್ಕೆ ಬಂದ ದೋಣಿ ಮರದ ದಿಮ್ಮಿಗಳಿಗೆ ಗುದ್ದಿತು. ಅವುಗಳ ಮಧ್ಯೆ ಅವರ ಪಾದ ಸಿಕ್ಕಿ ಜಜ್ಜಿಹೋಯ್ತು. ಬೆರಳುಗಳನ್ನು ಕತ್ತರಿಸಬೇಕಾಯ್ತು. ಆಮೇಲೆ ಡಾಕ್ಟರ್ ಮಾತು ಕೇಳದೆ ಗಾಯದ ಮೇಲೆ ತಣ್ಣೀರು ಬಿಟ್ಕೊಂಡು ಕೂತರು. ಧನುರ್ವಾಯು ಹತ್ತಿತು. ಜುಲೈ 22ರಂದು ತೀರಿಕೊಂಡರು.

ಹೀಗೆ ಬ್ರೂಕ್ಲಿನ್ ಸೇತುವೆಯ ಮೊದಲ ಬಲಿ ಅದನ್ನು ಕನಸು ಕಂಡವರೇ. ಒಂದು ಕಲ್ಲೂ ಇಟ್ಟಿರಲಿಲ್ಲ. ಮಗ ವಾಷಿಂಗ್ಟನ್‌ಗೆ ಆಗ 32 ವರ್ಷ. ಮುಖ್ಯ ಎಂಜಿನಿಯರ್ ಜವಾಬ್ದಾರಿ ಅವರ ಹೆಗಲಿಗೆ ಬಂತು.

ನದಿಯ ಕೆಳಗೆ ಒಂದು ಪೆಟ್ಟಿಗೆ

ನೀರಿನಲ್ಲಿ ಗೋಪುರ ನಿಲ್ಲಿಸೋದು ಹೇಗೆ? ಒಂದು ದೊಡ್ಡ ಮರದ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ನದಿಯ ತಳಕ್ಕೆ ಕೂರಿಸ್ತಾರೆ. ಬಕೆಟನ್ನು ಬೋರಲು ಹಾಕಿ ನೀರಿಗೆ ಒತ್ತಿದ ಹಾಗೆ. ಇದಕ್ಕೆ ಕೇಸನ್ ಅಂತ ಹೆಸರು. ಮೇಲಿಂದ ಗಾಳಿಯನ್ನು ಒತ್ತಡದಲ್ಲಿ ಒಳಗೆ ತುಂಬಿದರೆ ನೀರು ಒಳಗೆ ಬರಲ್ಲ. ಆ ಗಾಳಿಯಲ್ಲಿ ಜನ ನಿಂತು ಕೆಳಗಿನ ಮಣ್ಣು ಅಗೀತಾರೆ. ಪೆಟ್ಟಿಗೆಯ ತಲೆ ಮೇಲೆ ಕಲ್ಲಿನ ಕಟ್ಟಡ ಏರ್ತಾ ಹೋದ ಹಾಗೆ ಭಾರಕ್ಕೆ ಪೆಟ್ಟಿಗೆ ಕೆಳಗಿಳೀತಾ ಹೋಗುತ್ತೆ. ಗಟ್ಟಿ ನೆಲ ಸಿಕ್ಕಿದ ಮೇಲೆ ಒಳಗೆಲ್ಲ ಕಾಂಕ್ರೀಟ್ ತುಂಬಿ ಮುಚ್ಚಿಬಿಡೋದು. ನಮ್ಮ ಬಾವಿ ರಿಂಗ್ ಇಳಿಸೋದನ್ನ ನೋಡಿದ್ದರೆ ಈ ಐಡಿಯಾ ಬೇಗ ಅರ್ಥ ಆಗುತ್ತೆ.

ಬ್ರೂಕ್ಲಿನ್ ಕಡೆಯ ಕೇಸನ್ 168 ಅಡಿ ಉದ್ದ, 102 ಅಡಿ ಅಗಲ ಇತ್ತು. ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟ್‌ನಂಥ ಮೂರು ಕೋರ್ಟ್ ಅದರೊಳಗೆ ಕೂರುತ್ತವೆ. ಒಳಗಿನ ಎತ್ತರ ಮಾತ್ರ ಒಂಬತ್ತೂವರೆ ಅಡಿ. ಕೆಸರು, ಸೆಕೆ, ಮೇಣದಬತ್ತಿ ಮತ್ತು ಗ್ಯಾಸ್ ದೀಪದ ಹೊಗೆ. ಒತ್ತಡದ ಗಾಳಿಯಲ್ಲಿ ದನಿ ಸಣ್ಣಗೆ ಕೀಚಲಾಗುತ್ತಿತ್ತು. ಬಾಯಿಂದ ಸಿಳ್ಳೆ ಹೊಡೆಯೋಕೆ ಆಗ್ತಿರಲಿಲ್ಲ. ಊದಿ ಆರಿಸಿದ ಮೇಣದಬತ್ತಿ ತಾನೇ ಮತ್ತೆ ಹತ್ತಿಕೊಳ್ತಿತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಐರ್ಲೆಂಡ್, ಜರ್ಮನಿ, ಇಟಲಿಯಿಂದ ವಲಸೆ ಬಂದ ಬಡವರು. ಶುರುವಿನಲ್ಲಿ ದಿನಕ್ಕೆ ಎರಡು ಡಾಲರ್ ಕೂಲಿ.

ಕೆಳಗೆ ದೊಡ್ಡ ದೊಡ್ಡ ಬಂಡೆಗಳು ಸಿಕ್ಕಿದವು. ಕೆಲವು ವಾರ ಪೆಟ್ಟಿಗೆ ಆರು ಇಂಚೂ ಇಳೀಲಿಲ್ಲ. ಮದ್ದಿಟ್ಟು ಸಿಡಿಸೋಣ ಅಂದ್ರೆ, ಒತ್ತಡದ ಗಾಳಿಯಲ್ಲಿ ಸಿಡಿಸಿದರೆ ಒಳಗಿದ್ದವರ ಕಿವಿ ಏನಾಗುತ್ತೋ, ಪೆಟ್ಟಿಗೆ ಏನಾಗುತ್ತೋ ಯಾರಿಗೂ ಗೊತ್ತಿರಲಿಲ್ಲ. ವಾಷಿಂಗ್ಟನ್ ಏನು ಮಾಡಿದರು ಅಂದ್ರೆ, ಮೊದಲು ತಾವೇ ಕೆಳಗಿಳಿದು ಪಿಸ್ತೂಲಿನಿಂದ ಗುಂಡು ಹಾರಿಸಿ ನೋಡಿದರು. ಏನೂ ಆಗಲಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ಮದ್ದು ಹೆಚ್ಚಿಸ್ತಾ ಪರೀಕ್ಷೆ ಮಾಡಿ, ಕೊನೆಗೆ ಬಂಡೆ ಸಿಡಿಸೋಕೆ ಒಪ್ಪಿಗೆ ಕೊಟ್ಟರು. ತಾನು ಪರೀಕ್ಷೆ ಮಾಡದ್ದನ್ನ ಕೆಲಸಗಾರರಿಗೆ ಮಾಡೋಕೆ ಹೇಳಬಾರದು ಅನ್ನೋದು ಅವರ ಅಭ್ಯಾಸ ಆಗಿತ್ತು. ಇದನ್ನ ಓದಿದಾಗ ನಮಗೆ ಅವರ ಮೇಲೆ ಗೌರವ ಬಂತು.

ಆದರೂ ಅಪಾಯ ಯಾವ ದಿಕ್ಕಿನಿಂದ ಬರುತ್ತೆ ಅಂತ ಹೇಳೋಕಾಗಲ್ಲ. ಒಂದು ಭಾನುವಾರ ಬೆಳಗ್ಗೆ ಮಣ್ಣು ತೆಗೆಯೋ ಕೊಳವೆಯಲ್ಲಿನ ನೀರಿನ ಮಟ್ಟ ಕಡಿಮೆಯಾಗಿ, ಒಳಗಿನ ಗಾಳಿಯೆಲ್ಲ ಅದರ ಮೂಲಕ ಒಮ್ಮೆಲೇ ನುಗ್ಗಿತು. ಕೆಸರು, ಕಲ್ಲು, ನೀರು ಎಲ್ಲ ಆಕಾಶಕ್ಕೆ ಚಿಮ್ಮಿದವು. ರಜೆಯ ದಿನ ಆದ್ದರಿಂದ ಕೆಳಗೆ ಯಾರೂ ಇರಲಿಲ್ಲ. ವಾರದ ಬೇರೆ ದಿನ ಆಗಿದ್ದರೆ?

ಬೆಂಕಿಯ ರಾತ್ರಿ

1870ರ ಡಿಸೆಂಬರ್ 1. ಕೇಸನ್ ಒಳಗೆ ಯಾರದೋ ಮೇಣದಬತ್ತಿ ಛಾವಣಿಯ ಮರದ ಸಂದಿಗೆ ತೀರಾ ಹತ್ತಿರ ಬಂತು. ಸಂದಿಯಲ್ಲಿ ನೀರು ಬರದ ಹಾಗೆ ನಾರು ತುರುಕಿದ್ದರು. ಅದು ಹತ್ತಿಕೊಳ್ತು. ಛಾವಣಿಯ ದಪ್ಪ ಹದಿನೈದು ಅಡಿ, ಪೂರ್ತಿ ಮರ. ಒಳಗಿನ ಒತ್ತಡದ ಗಾಳಿ ಬೆಂಕಿಯನ್ನು ಮರದ ಒಳಕ್ಕೆ, ಮೇಲಕ್ಕೆ ತಳ್ತಾ ಹೋಯ್ತು. ಹೊರಗಿನಿಂದ ನೋಡಿದರೆ ಸಣ್ಣ ತೂತು. ಒಳಗೆ ಎಷ್ಟು ಸುಡ್ತಿದೆ ಅಂತ ಗೊತ್ತಾಗ್ತಿಲ್ಲ. ಛಾವಣಿ ಕುಸಿದರೆ ಮೇಲಿನ ಕಲ್ಲಿನ ರಾಶಿಯೆಲ್ಲ ಕೆಳಗೆ.

ವಾಷಿಂಗ್ಟನ್ ಇಡೀ ರಾತ್ರಿ ಕೆಳಗೇ ಇದ್ದರು. ನೀರು, ಹಬೆ, ಎಲ್ಲ ಪ್ರಯತ್ನ ಮಾಡಿದರು. ಬೆಳಗಿನ ಜಾವ ಬೆಂಕಿ ಆರಿದೆ ಅನ್ನಿಸಿದಾಗ ಮೇಲೆ ಬಂದರು. ಬಂದವರೇ ಕುಸಿದರು. ಕಾಲಿನಲ್ಲಿ ಸ್ವಾಧೀನ ಇರಲಿಲ್ಲ. ಮನೆಗೆ ಹೊತ್ಕೊಂಡು ಹೋಗಿ ಗಂಟೆಗಟ್ಟಲೆ ಮೈ ತಿಕ್ಕಿದರು. ಅಷ್ಟರಲ್ಲಿ ಬೆಂಕಿ ಇನ್ನೂ ಒಳಗೆ ಉರೀತಿದೆ ಅಂತ ಸುದ್ದಿ ಬಂತು. ಮತ್ತೆ ಎದ್ದು ಹೋಗಿ, ಕೇಸನ್ನಿಗೆ ನೀರು ತುಂಬಿಸೋ ನಿರ್ಧಾರ ಮಾಡಿದರು. ಎರಡೂವರೆ ದಿನ ಹಾಗೇ ನೀರಿನಲ್ಲಿ ಬಿಟ್ಟರು. ಬೆಂಕಿ ಆರಿತು. ಆಮೇಲೆ ಬಡಗಿಗಳು ಛಾವಣಿಯ ಒಳಗೆ ತೆವಳಿ ಹೋಗಿ ಸುಟ್ಟ ಇದ್ದಿಲನ್ನೆಲ್ಲ ಕೆರೆದು, ಸಿಮೆಂಟ್ ತುಂಬೋಕೆ ತಿಂಗಳುಗಳೇ ಹಿಡಿದವು. ಒಂದು ಮೇಣದಬತ್ತಿಯ ಬೆಲೆ ಇಷ್ಟು. ಎರಡನೇ ಕೇಸನ್ ಮಾಡುವಾಗ ಒಳಗಡೆಯೆಲ್ಲ ಕಬ್ಬಿಣದ ತಗಡು ಹೊದಿಸಿದರು.

ಆ ರಾತ್ರಿ ಅವರು ಕುಸಿದು ಬಿದ್ದದ್ದು ಬರೀ ಸುಸ್ತಿನಿಂದ ಅಲ್ಲ. ಅದು ಮುಂದೆ ಬರೋ ದೊಡ್ಡ ಕಾಯಿಲೆಯ ಮೊದಲ ಏಟು.

ಗೋಲಿ ಸೋಡಾ ಕಾಯಿಲೆ

ಬ್ರೂಕ್ಲಿನ್ ಕಡೆ 44 ಅಡಿ ಆಳಕ್ಕೆ ಗಟ್ಟಿ ನೆಲ ಸಿಕ್ಕಿತ್ತು. ಎದುರಿನ ಮ್ಯಾನ್‌ಹಟನ್ ದಡದಲ್ಲಿ ಹಾಗಿರಲಿಲ್ಲ. ಅಗೆದಷ್ಟೂ ಮರಳು. ಆಳ ಹೆಚ್ಚಿದಷ್ಟೂ ನೀರಿನ ಒತ್ತಡ ಹೆಚ್ಚು, ಅದನ್ನ ತಡೆಯೋಕೆ ಗಾಳಿಯ ಒತ್ತಡವೂ ಹೆಚ್ಚು. ಕೊನೆಗೆ ಅದು ಹೊರಗಿನ ಗಾಳಿಗಿಂತ ಚದರ ಇಂಚಿಗೆ ಸುಮಾರು 35 ಪೌಂಡ್ ಜಾಸ್ತಿ ಆಯ್ತು. ಬೈಕಿನ ಹಿಂದಿನ ಟೈರಿಗೆ ಬಂಕ್‌ನಲ್ಲಿ ಹೊಡೆಸ್ತೀವಲ್ಲ, ಸುಮಾರು ಅಷ್ಟು. ಅಂದ್ರೆ ಈ ಜನ ದಿನಾ ಟೈರಿನ ಒಳಗೆ ಕೂತು ಕೆಲಸ ಮಾಡಿದ ಹಾಗೆ.

ಒಳಗಿದ್ದಾಗ ಏನೂ ಆಗಲ್ಲ. ತೊಂದರೆ ಹೊರಗೆ ಬಂದ ಮೇಲೆ. ಗೋಲಿ ಸೋಡಾ ಉದಾಹರಣೆ ತಗೊಳ್ಳಿ. ಗೋಲಿ ಒತ್ತೋವರೆಗೂ ನೀರು ಶಾಂತ. ಒತ್ತಿದ ತಕ್ಷಣ ಬುಸ್ ಅಂತ ಗುಳ್ಳೆ ಏಳುತ್ತೆ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮೈಯ ಕೊಬ್ಬಿನಲ್ಲಿ ಹೆಚ್ಚೆಚ್ಚು ಕರಗುತ್ತೆ. ನಿಧಾನಕ್ಕೆ ಒತ್ತಡ ಇಳಿಸಿದರೆ ಶ್ವಾಸಕೋಶದ ಮೂಲಕ ಹೊರಗೆ ಹೋಗುತ್ತೆ. ಅವಸರದಲ್ಲಿ ಇಳಿಸಿದರೆ ಮೈಯೊಳಗೇ ಗುಳ್ಳೆ. ಗುಳ್ಳೆ ಕೀಲಿನಲ್ಲಿ ಕೂತರೆ ಸಹಿಸಲಾರದ ನೋವು. ಬೆನ್ನುಹುರಿಯಲ್ಲಿ ಕೂತರೆ ಪಾರ್ಶ್ವವಾಯು, ಕೆಲವೊಮ್ಮೆ ಸಾವು. ನೋವಿಗೆ ಜನ ಬಗ್ಗಿಕೊಂಡು ನಡೀತಿದ್ದರಿಂದ ಕೆಲಸಗಾರರು ಇದನ್ನ ಬೆಂಡ್ಸ್ ಅಂತ ಕರೆದರು.

ಗುಳ್ಳೆಯ ವಿಷಯವನ್ನು ಫ್ರಾನ್ಸಿನ ವಿಜ್ಞಾನಿ ಪಾಲ್ ಬೆರ್ಟ್ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು 1878ರಲ್ಲಿ. ಹಾಗಾದ್ರೆ 1872ರಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲವಾ? ಇಲ್ಲೇ ನಮಗೆ ಕಷ್ಟ ಆಗೋದು. ಕಾರಣ ಗೊತ್ತಿರಲಿಲ್ಲ, ಆದ್ರೆ ಅಪಾಯ ಗೊತ್ತಿತ್ತು. ಫ್ರಾನ್ಸಿನ ಗಣಿಯಲ್ಲಿ ಕೆಲಸಗಾರರನ್ನು ನೋಡಿದ ಇಬ್ಬರು ವೈದ್ಯರು, ತೊಂದರೆಯೆಲ್ಲ ಹೊರಗೆ ಬರುವಾಗಲೇ ಅಂತ 1854ರಲ್ಲೇ ಬರೆದಿದ್ದರು. ಮತ್ತೆ ಒತ್ತಡದೊಳಗೆ ಹೋದರೆ ನೋವು ಕಡಿಮೆ ಆಗುತ್ತೆ ಅನ್ನೋದನ್ನೂ ಗಮನಿಸಿದ್ದರು. 1870ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಈಡ್ಸ್ ಕಟ್ಟಿಸುತ್ತಿದ್ದ ಸೇತುವೆಯ ಕೇಸನ್‌ಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಇದೇ ಕಾಯಿಲೆಯಿಂದ ಸತ್ತಿದ್ದರು. ಆ ಸುದ್ದಿ ವಾಷಿಂಗ್ಟನ್‌ಗೆ ಗೊತ್ತಿತ್ತು.

ಅವರು ಸುಮ್ಮನೆ ಕೂರಲಿಲ್ಲ ನಿಜ. 1872ರ ಆರಂಭದಲ್ಲಿ ಆಂಡ್ರ್ಯೂ ಸ್ಮಿತ್ ಅನ್ನೋ ಡಾಕ್ಟರರನ್ನು ಸೈಟ್‌ಗೆ ನೇಮಿಸಿದರು. ಸ್ಮಿತ್ ಎಲ್ಲರ ಆರೋಗ್ಯ ಪರೀಕ್ಷಿಸಿ, ಏನು ತಿನ್ನಬೇಕು, ಎಷ್ಟು ನಿದ್ದೆ ಮಾಡಬೇಕು, ಹೊರಗೆ ಬಂದ ಮೇಲೆ ಎಷ್ಟು ಹೊತ್ತು ಸುಮ್ಮನೆ ಕೂರಬೇಕು ಅಂತ ನಿಯಮ ಮಾಡಿದರು. ಪಾಳಿಯನ್ನು ಕಡಿಮೆ ಮಾಡ್ತಾ ಮಾಡ್ತಾ ಕೊನೆಗೆ ದಿನಕ್ಕೆ ಎರಡೆರಡು ಗಂಟೆಯ ಎರಡು ಪಾಳಿಗೆ ಇಳಿಸಿದರು. ಆದ್ರೆ ಹೊರಗೆ ಬರೋ ಏರ್‌ಲಾಕ್‌ನಲ್ಲಿ ಒತ್ತಡ ಇಳಿಸೋಕೆ ಕೊಡ್ತಿದ್ದದ್ದು ಕೆಲವೇ ನಿಮಿಷ. ಇವತ್ತಿನ ಲೆಕ್ಕದಲ್ಲಿ ಅದು ಏನೇನೂ ಸಾಲದು. ಕೆಲಸ ಮುಗಿಸಿದವರಿಗೂ ಮನೆಗೆ ಹೋಗೋ ಆತುರ. ಮತ್ತೆ ಕೆಳಗೆ ಹೋದರೆ ನೋವು ನಿಲ್ಲುತ್ತೆ ಅಂತ ಸ್ಮಿತ್‌ಗೂ ಕಂಡಿತ್ತು, ಆದ್ರೆ ಅದನ್ನೇ ಚಿಕಿತ್ಸೆಯಾಗಿ ಆ ಸೈಟ್‌ನಲ್ಲಿ ಮಾಡಲಿಲ್ಲ. ಅವರು ದಾಖಲಿಸಿದ ಪ್ರಕರಣಗಳು 110. ಕಾಯಿಲೆಗೆ ಕೇಸನ್ ರೋಗ ಅಂತ ಹೆಸರು ನಿಂತಿದ್ದೂ ಅವರ ಬರಹದಿಂದಲೇ.

1872ರ ಏಪ್ರಿಲ್ ಕೊನೆಯಲ್ಲಿ ಒಂದೇ ವಾರದ ಆಸುಪಾಸಿನಲ್ಲಿ ಇಬ್ಬರು ಸತ್ತರು. ಮೇ ತಿಂಗಳಲ್ಲಿ ಕೆಲಸಗಾರರು ದಿನಕ್ಕೆ ಮೂರು ಡಾಲರ್ ಕೊಡಿ ಅಂತ ಮುಷ್ಕರ ಹೂಡಿದರು. ಅದು ಕೆಲವೇ ದಿನಗಳಲ್ಲಿ ಮುಗಿದುಹೋಯ್ತು. ಮೂರನೆಯವನೂ ಸತ್ತ.

ಆಗ ಕೇಸನ್ 78 ಅಡಿ ದಾಟಿತ್ತು. ಬಂಡೆ ಇನ್ನೂ ಕೆಳಗೆ. ಬಂಡೆಯವರೆಗೆ ಹೋಗಲೇಬೇಕು ಅನ್ನೋದು ಪುಸ್ತಕದ ಮಾತು, ಈಡ್ಸ್ ಹಾಗೇ ಮಾಡಿದ್ದರು. ವಾಷಿಂಗ್ಟನ್ ಅಲ್ಲಿನ ಮರಳನ್ನು ಪರೀಕ್ಷೆ ಮಾಡಿಸಿದರು. ಅದು ಸಾವಿರಾರು ವರ್ಷಗಳಿಂದ ಕದಲದೆ ಗಟ್ಟಿಯಾಗಿ ಕೂತ ಮರಳು, ಗೋಪುರದ ಭಾರ ಹೊರುತ್ತೆ ಅಂತ ಅವರಿಗೆ ಅನ್ನಿಸಿತು. ಬಂಡೆ ಮುಟ್ಟಬೇಕಾದರೆ ಇನ್ನೂ ಎಷ್ಟು ತಿಂಗಳು, ಎಷ್ಟು ಹಣ, ಮುಖ್ಯವಾಗಿ ಎಷ್ಟು ಜೀವ ಅಂತ ಲೆಕ್ಕ ಹಾಕಿದರು. ಮೇ 18ರಂದು ಅಗೆಯೋದು ನಿಲ್ಲಿಸಿ ಅಂದರು. 78 ಅಡಿ 6 ಇಂಚು.

ಆ ಗೋಪುರ ಇವತ್ತಿಗೂ ಮರಳಿನ ಮೇಲೇ ನಿಂತಿದೆ. ತಪ್ಪಾಗಿದ್ದರೆ ಸೇತುವೆ ವಾಲುತ್ತಿತ್ತು, ಅವರ ಹೆಸರು ಹಾಳಾಗುತ್ತಿತ್ತು. ಕೆಲಸಗಾರರ ಜೀವವನ್ನೂ ಒಂದು ಅಂಕಿಯಾಗಿ ಹಿಡಿದು ಮಾಡಿದ ಡಿಸೈನ್ ನಿರ್ಧಾರ ಇದು ಅಂತ ನಮಗೆ ಅನ್ನಿಸುತ್ತೆ. ಆ ಅಂಕಿ ಲೆಕ್ಕಕ್ಕೆ ಬಂದದ್ದು ಮೂವರು ಸತ್ತ ಮೇಲೆ ಅನ್ನೋದನ್ನೂ ಮರೀಬಾರದು.

ಕಿಟಕಿ ಮತ್ತು ಎಮಿಲಿ

ದಿನಕ್ಕೆ ಹಲವು ಸಲ ಕೇಸನ್ನಿಗೆ ಇಳಿದು ಹತ್ತುತ್ತಿದ್ದ ವಾಷಿಂಗ್ಟನ್ ಆ ವರ್ಷ ಮತ್ತೆ ಕುಸಿದರು. ಒಂದು ಸಲ ಬದುಕೋದೇ ಕಷ್ಟ ಅನ್ನೋ ಸ್ಥಿತಿ. ಡಿಸೆಂಬರ್ ಹೊತ್ತಿಗೆ ಸೈಟ್‌ಗೆ ಹೋಗೋಕೇ ಆಗದಂತಾಯ್ತು. ಕೈಕಾಲು ನೋವು, ಕಣ್ಣು ಮಂಜು, ಜನ ಜೋರಾಗಿ ಮಾತಾಡಿದರೆ ಸಹಿಸಲಾಗದು. ವಯಸ್ಸು ಇನ್ನೂ 35. ತಾನು ಬದುಕಲ್ಲ ಅನ್ನೋ ಭಯದಲ್ಲಿ, ಆ ಚಳಿಗಾಲವೆಲ್ಲ ಮಲಗಿದಲ್ಲೇ ಸೇತುವೆಯ ಉಳಿದ ಕೆಲಸ ಹೇಗೆ ಮಾಡಬೇಕು ಅಂತ ಸೂಚನೆಗಳನ್ನು, ಸ್ಕೆಚ್‌ಗಳನ್ನು ಬರೆದಿಟ್ಟರು.

ಕೆಲಸ ನಿಲ್ಲದೆ ಸಾಗಿದ್ದು ಎಮಿಲಿ ಅವರಿಂದ. ಗಂಡನ ಮಾತನ್ನು ಬರೆದುಕೊಂಡು ಸೈಟ್‌ಗೆ ಮುಟ್ಟಿಸೋದರಿಂದ ಶುರುವಾಗಿ, ಆಮೇಲೆ ಗಣಿತ, ಕೇಬಲ್ಲಿನ ವಕ್ರರೇಖೆ, ವಸ್ತುಗಳ ಬಲ ಎಲ್ಲ ಕಲಿತು, ಸಹಾಯಕ ಎಂಜಿನಿಯರುಗಳ ಜೊತೆ, ಗುತ್ತಿಗೆದಾರರ ಜೊತೆ ಸರಿಸಮ ಮಾತಾಡೋ ಮಟ್ಟಕ್ಕೆ ಬಂದರು. ಹೆಣ್ಣುಮಕ್ಕಳಿಗೆ ಎಂಜಿನಿಯರಿಂಗ್ ಕಾಲೇಜಿನ ಬಾಗಿಲೇ ಸರಿಯಾಗಿ ತೆರೆಯದಿದ್ದ ಕಾಲ ಅದು. ನಮ್ಮ ಸಿವಿಲ್ ಬ್ರಾಂಚಿನ ಹುಡುಗಿಯರಿಗೆ ಸೈಟ್‌ನಲ್ಲಿ ನಿಮಗೇನು ಕೆಲಸ ಅಂತ ಇವತ್ತೂ ಕೇಳೋರಿದ್ದಾರೆ. ಅವರಿಗೆಲ್ಲ ಎಮಿಲಿ ಹೆಸರು ಹೇಳಬಹುದು.

ಮುಂದೆ ಈ ಕುಟುಂಬ ಬ್ರೂಕ್ಲಿನ್ನಿನ ಕೊಲಂಬಿಯಾ ಹೈಟ್ಸ್‌ನಲ್ಲಿ ನದಿ ಕಾಣುವ ಮನೆಯಲ್ಲಿ ಇತ್ತು. ಕಿಟಕಿಯಲ್ಲಿ ಕೂತು ವಾಷಿಂಗ್ಟನ್ ದುರ್ಬೀನಿನಲ್ಲಿ ಸೇತುವೆ ಏಳೋದನ್ನ ನೋಡ್ತಿದ್ದರು. 

ಎತ್ತರದ ಅಪಾಯಗಳು

1876ರ ಹೊತ್ತಿಗೆ ಎರಡೂ ಗೋಪುರ ಮುಗಿದವು. ಅಪಾಯ ಈಗ ನೆಲದ ಕೆಳಗಿನಿಂದ ಗಾಳಿಗೆ ಬಂತು. ಗೋಪುರದಿಂದ ಗೋಪುರಕ್ಕೆ ಮರದ ಹಲಗೆಯ ಕಿರಿದಾದ ಕಾಲುಸೇತುವೆ ಹಾಕಿದ್ದರು. ಊರ ಜನ ಅದನ್ನ ನೋಡೋಕೆ, ದಾಟೋಕೆ ಮುಗಿಬಿದ್ದರು. ಅಲ್ಲೊಂದು ಬೋರ್ಡ್ ಹಾಕಿಸಿದರು. ಒಂದು ಸಲಕ್ಕೆ 25 ಜನಕ್ಕಿಂತ ಹೆಚ್ಚು ಹತ್ತಬಾರದು, ಒತ್ತೊತ್ತಾಗಿ ನಡೆಯಬಾರದು, ಓಡಬಾರದು, ಕುಣಿಯಬಾರದು, ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಬಾರದು ಅಂತ. ಕೊನೆಯ ನಿಯಮಕ್ಕೆ ಕಾರಣ ರೆಸೊನೆನ್ಸ್. ಹಳೆಯ ಕಾಲದ ಸೇಫ್ಟಿ ಬೋರ್ಡ್ ಅಂದ್ರೆ ಇದೇ.

ಆದರೆ ಬೋರ್ಡ್ ಎಲ್ಲವನ್ನೂ ತಡೆಯಲ್ಲ. ಕಲ್ಲೆತ್ತುವ ಕ್ರೇನ್ ಕುಸಿದು ಜನ ಸತ್ತರು. ಗೋಪುರದಿಂದ ಬಿದ್ದು ಸತ್ತರು. 1878ರ ಜೂನ್ 14ರಂದು ತಂತಿಗಳ ಒಂದು ದೊಡ್ಡ ಕಂತೆಯನ್ನು ಕೆಳಗಿಳಿಸುವಾಗ ಹಿಡಿದಿದ್ದ ಹಗ್ಗ ತುಂಡಾಯ್ತು. ಕಂತೆ ಚಾವಟಿಯ ಹಾಗೆ ಬೀಸಿ ನದಿಗೆ ಬಿತ್ತು. ಇಬ್ಬರು ಸತ್ತರು.

ಅದೇ ವರ್ಷ ಇನ್ನೊಂದು ವಿಷಯ ಬಯಲಾಯ್ತು. ತಂತಿಯ ಗುತ್ತಿಗೆದಾರ ಜೆ. ಲಾಯ್ಡ್ ಹೇಗ್. ಅವನಿಗೆ ಗುತ್ತಿಗೆ ಕೊಡಬೇಡಿ ಅಂತ ವಾಷಿಂಗ್ಟನ್ ಮೊದಲೇ ಆಡಳಿತ ಮಂಡಳಿಗೆ ಎಚ್ಚರಿಸಿದ್ದರು. ಮಂಡಳಿ ಕೇಳಲಿಲ್ಲ. ಹೇಗ್ ಮಾಡಿದ್ದು ಏನಂದ್ರೆ, ಒಳ್ಳೆಯ ತಂತಿ ತೋರಿಸಿ ಪಾಸ್ ಮಾಡಿಸಿಕೊಂಡು, ದಾರಿಯಲ್ಲಿ ಅದನ್ನ ಬದಲಾಯಿಸಿ, ತಿರಸ್ಕರಿಸಿದ ಕೆಟ್ಟ ತಂತಿಯನ್ನು ಸೈಟ್‌ಗೆ ಕಳಿಸೋದು. ಗೊತ್ತಾಗೋ ಹೊತ್ತಿಗೆ ಬಹಳಷ್ಟು ಕೆಟ್ಟ ತಂತಿ ಕೇಬಲ್ಲಿನೊಳಗೆ ಸೇರಿ ಹೋಗಿತ್ತು. ಬಿಚ್ಚಿ ತೆಗೆಯೋಕೆ ಸಾಧ್ಯವೇ ಇಲ್ಲ. ಕಿಟಕಿಯ ಮನೆಯಲ್ಲಿ ವಾಷಿಂಗ್ಟನ್ ಲೆಕ್ಕ ಹಾಕಿದರು. ಪ್ರತಿ ಕೇಬಲ್ಲಿಗೂ ಸುಮಾರು 150 ಒಳ್ಳೆಯ ತಂತಿಗಳನ್ನು ಹೆಚ್ಚುವರಿಯಾಗಿ ಸೇರಿಸಿದರೆ, ಆರು ಹೋಗಿ ಐದು ಪಟ್ಟಾದರೂ ಉಳಿಯುತ್ತೆ. ಹಾಗೇ ಮಾಡಿದರು. ಆ ತಂತಿ ಇವತ್ತೂ ಕೇಬಲ್ಲಿನ ಒಳಗೇ ಇದೆ.

ಫ್ಯಾಕ್ಟರ್ ಆಫ್ ಸೇಫ್ಟಿ ಯಾಕೆ ಬೇಕು ಅಂತ ನಮ್ಮ ಪುಸ್ತಕದಲ್ಲಿ ನಾಲ್ಕು ಪಾಯಿಂಟ್ ಕೊಟ್ಟಿರ್ತಾರೆ. ಮನುಷ್ಯ ಮೋಸ ಮಾಡ್ತಾನೆ ಅನ್ನೋದು ಅದರಲ್ಲಿ ಇಲ್ಲ. ಇರಬೇಕಿತ್ತು.

ಸೇತುವೆ ತೆರೆಯಿತು

1882ರಲ್ಲಿ, ಸೈಟ್‌ಗೆ ಬರದ ಈ ರೋಗಿಷ್ಟ ಎಂಜಿನಿಯರನ್ನು ತೆಗೆದುಹಾಕಿ ಅನ್ನೋ ಪ್ರಯತ್ನ ನಡೀತು. ಮಂಡಳಿಯಲ್ಲಿ ಮತಕ್ಕೆ ಹಾಕಿದಾಗ ಹತ್ತಕ್ಕೆ ಏಳರಿಂದ ವಾಷಿಂಗ್ಟನ್ ಉಳಿದುಕೊಂಡರು. 1883ರ ಮೇ 24ರಂದು ಅಧ್ಯಕ್ಷ ಚೆಸ್ಟರ್ ಆರ್ಥರ್ ಬಂದು ಸೇತುವೆ ತೆರೆದರು. ಮುಖ್ಯ ಎಂಜಿನಿಯರ್ ಆ ಸಮಾರಂಭಕ್ಕೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಅಧ್ಯಕ್ಷರೇ ಅವರ ಮನೆಗೆ ಬಂದು ಕೈಕುಲುಕಿದರು.

ಆರೇ ದಿನಕ್ಕೆ, ಮೇ 30ರಂದು, ಸೇತುವೆಯ ಮೆಟ್ಟಿಲ ಬಳಿ ಗಾಬರಿಯಿಂದ ನೂಕುನುಗ್ಗಲಾಗಿ 12 ಜನ ಸತ್ತರು. ಸೇತುವೆ ಗಟ್ಟಿಯಾಗೇ ಇತ್ತು. ಜನರ ಗುಂಪಿಗೆ ಯಾರೂ ಲೆಕ್ಕ ಹಾಕಿರಲಿಲ್ಲ.

ಎಮಿಲಿ ಮುಂದೆ ಕಾನೂನು ಓದಿ 1903ರಲ್ಲಿ ತೀರಿಕೊಂಡರು. ಎಲ್ಲರೂ ಬೇಗ ಸಾಯ್ತಾರೆ ಅಂದುಕೊಂಡಿದ್ದ ವಾಷಿಂಗ್ಟನ್ 89 ವರ್ಷ ಬದುಕಿದರು. ನೋವು ಮಾತ್ರ ಪೂರ್ತಿ ಬಿಡಲಿಲ್ಲ. ಖನಿಜಗಳ ಸಂಗ್ರಹ ಅವರ ಹವ್ಯಾಸ. ಸಾವಿರಾರು ಮಾದರಿಗಳ ಆ ಸಂಗ್ರಹ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. 84ನೇ ವಯಸ್ಸಿನಲ್ಲಿ ಕುಟುಂಬದ ಕಂಪನಿಯ ಅಧ್ಯಕ್ಷರಾಗಿ ಮತ್ತೆ ಕೆಲಸಕ್ಕೂ ಹೋದರು. 1926ರ ಜುಲೈ 21ರಂದು ಕೊನೆಯುಸಿರೆಳೆದರು.

ಆಮೇಲೆ ಬದಲಾಗಿದ್ದು

ಬ್ರೂಕ್ಲಿನ್ ಸೇತುವೆ ಕಟ್ಟುವಾಗ ಒಟ್ಟು ಎಷ್ಟು ಜನ ಸತ್ತರು ಅನ್ನೋದಕ್ಕೆ ಅಧಿಕೃತ ಪಟ್ಟಿಯೇ ಇಲ್ಲ. ಇಪ್ಪತ್ತು ಅನ್ನೋರಿದ್ದಾರೆ, ಮೂವತ್ತಕ್ಕೂ ಹೆಚ್ಚು ಅನ್ನೋರಿದ್ದಾರೆ. ತಂತಿಯ ಉದ್ದ, ಕಲ್ಲಿನ ತೂಕ ಎಲ್ಲ ಅಂಕಿಸಂಖ್ಯೆ ಸಿಗುತ್ತೆ. ಸತ್ತವರ ಲೆಕ್ಕ ಸಿಗಲ್ಲ. ಮೊದಲು ಕೇಳಿದ ಪ್ರಶ್ನೆಗೆ ಇದೇ ಉತ್ತರ ಅಂತ ನಮಗೆ ಅನ್ನಿಸುತ್ತೆ. ಲೆಕ್ಕವನ್ನೇ ಇಡದ ವಸ್ತುವಿಗೆ ಫ್ಯಾಕ್ಟರ್ ಆಫ್ ಸೇಫ್ಟಿ ಹೇಗೆ ಬರುತ್ತೆ?

ಕೆಲವೇ ವರ್ಷಗಳಲ್ಲಿ, 1890ರ ಹೊತ್ತಿಗೆ, ಹಡ್ಸನ್ ನದಿಯ ಸುರಂಗದ ಕೆಲಸದಲ್ಲಿ ಅರ್ನೆಸ್ಟ್ ಮೊಯರ್ ಅನ್ನೋ ಎಂಜಿನಿಯರ್, ನೋವು ಬಂದವರನ್ನು ಮತ್ತೆ ಒತ್ತಡದಲ್ಲಿ ಕೂರಿಸಿ ನಿಧಾನಕ್ಕೆ ಇಳಿಸೋ ಕೋಣೆಯನ್ನು ಸೈಟ್‌ನಲ್ಲೇ ಇಟ್ಟರು. ಸಾವು ತುಂಬಾ ಕಡಿಮೆ ಆಯ್ತು. 1908ರಲ್ಲಿ ಹಾಲ್ಡೇನ್, ಹಂತ ಹಂತವಾಗಿ ಒತ್ತಡ ಇಳಿಸೋ ಕೋಷ್ಟಕಗಳನ್ನು ಪ್ರಕಟಿಸಿದರು. 1930ರ ದಶಕದಲ್ಲಿ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಜೋಸೆಫ್ ಸ್ಟ್ರಾಸ್ ಕೆಳಗೆ ಬಲೆ ಕಟ್ಟಿಸಿದರು, ಹೆಲ್ಮೆಟ್ ಕಡ್ಡಾಯ ಮಾಡಿದರು. ಆ ಬಲೆಗೆ ಬಿದ್ದು 19 ಜನ ಬದುಕಿಕೊಂಡರು. ಇದ್ಯಾವುದೂ ರಾಕೆಟ್ ಸೈನ್ಸ್ ಅಲ್ಲ. ಒಂದು ಕೋಣೆ, ಒಂದು ಟೇಬಲ್, ಒಂದು ಬಲೆ.

ವಾಷಿಂಗ್ಟನ್ ರೋಬ್ಲಿಂಗ್ ಒಳ್ಳೆಯವರಾ ಕೆಟ್ಟವರಾ ಅಂತ ಹಾಸ್ಟೆಲ್ಲಿನಲ್ಲಿ ನಾವು ತುಂಬಾ ಹೊತ್ತು ಜಗಳ ಆಡಿದ್ವಿ. ತಾವೂ ಕೆಳಗಿಳಿದರು, ತಾವೂ ಕಾಯಿಲೆ ಬಿದ್ದರು, ಕೊನೆಗೆ ನಿಲ್ಲಿಸಿದರು ಅನ್ನೋದು ಒಂದು ಕಡೆ. ಅವರಿಗೆ ಕಿಟಕಿ ಇತ್ತು, ಎಮಿಲಿ ಇದ್ದರು. ಎರಡು ಡಾಲರ್‌ಗೆ ಇಳಿದವರಿಗೆ ಏನಿತ್ತು ಅನ್ನೋದು ಇನ್ನೊಂದು ಕಡೆ. ಜಗಳ ಇನ್ನೂ ಮುಗಿದಿಲ್ಲ.

ಕಳೆದ ತಿಂಗಳು ಸೈಟ್ ವಿಸಿಟ್‌ಗೆ ಹೋದಾಗ ನಮಗೆಲ್ಲ ಹಳದಿ ಹೆಲ್ಮೆಟ್ ಕೊಟ್ಟರು. ಹಾಕ್ಕೊಂಡು ಸೆಲ್ಫಿ ತಗೊಂಡ್ವಿ. ನಮ್ಮ ತಲೆ ಮೇಲೆ, ನಾಲ್ಕನೇ ಮಹಡಿಯ ಹೊರಗೆ ಕಟ್ಟಿದ ಸರ್ವೆ ಮರದ ಸಾರುವೆ ಮೇಲೆ, ಒಬ್ಬರು ಚಪ್ಪಲಿ ಹಾಕ್ಕೊಂಡು ನಿಂತು ಪ್ಲಾಸ್ಟರಿಂಗ್ ಮಾಡ್ತಿದ್ದರು. ಸೊಂಟಕ್ಕೆ ಬೆಲ್ಟ್ ಇರಲಿಲ್ಲ, ತಲೆಗೆ ಟವೆಲ್ ಸುತ್ತಿದ್ದರು. ಅರ್ಧ ಗಂಟೆಗೆ ಬಂದು ಹೋಗೋ ನಮಗೆ ಹೆಲ್ಮೆಟ್, ದಿನವಿಡೀ ಅಲ್ಲೇ ಇರೋರಿಗೆ ಇಲ್ಲ. ಅವತ್ತು ನಾವ್ಯಾರೂ ಏನೂ ಕೇಳಲಿಲ್ಲ. ಎರಡು ವರ್ಷ ಬಿಟ್ಟು ನಾವೇ ಸೈಟ್ ಎಂಜಿನಿಯರ್ ಆಗಿ ಹೋಗ್ತೀವಿ. ಆಗ ಕೇಳಬೇಕಾದವರು ನಾವೇ.